ಗಂಧದ ಮರದಿಂದ ಸೋಪಿನವರೆಗೆ: ಎಸ್.ಜಿ. ಶಾಸ್ತ್ರಿ

ಭೌತ ಬದಲಾವಣೆಯಲ್ಲಿ ವಸ್ತುವಿನ ರೂಪ ಬದಲಾಗುತ್ತದೆ, ವಸ್ತು ಅದೇ ಇರುತ್ತದೆ. ರಾಸಾಯನಿಕ ಬದಲಾವಣೆಯಲ್ಲಿ ಹೊಸ ವಸ್ತುವೇ ಉಂಟಾಗುತ್ತದೆ. ನಮ್ಮ ಶಾಲೆಯಲ್ಲಿ ಓದಿದವರೆಲ್ಲ ಇದನ್ನು ಪರೀಕ್ಷೆಯಲ್ಲಿ ಬರೆದಿದ್ದೇವೆ. ಮಂಜುಗಡ್ಡೆ ಕರಗುವುದು, ಕಾಗದ ಉರಿಯುವುದು ಎಂದು ಎರಡು ಉದಾಹರಣೆ ಕೊಟ್ಟರೆ ಅಂಕ ಸಿಗುತ್ತಿತ್ತು. ಇದೇ ಪಾಠವನ್ನು ಕೈಕೆಲಸಕ್ಕೆ ಇಳಿಸಿ, ನಾಡಿಗೊಂದು ಉದ್ಯಮ ಕಟ್ಟಿಕೊಡಲು ದುಡಿದವರು ಸೋಸಲೆ ಗರಳಪುರಿ ಶಾಸ್ತ್ರಿಗಳು. ಜನ ಅವರನ್ನು ಸೋಪು ಶಾಸ್ತ್ರಿ ಎಂದೇ ಕರೆದರು. ಅವರ ಹೆಸರಿನಲ್ಲಿರುವ ಸೋಸಲೆ ನಮ್ಮ ಜಿಲ್ಲೆಯದೇ ಊರು, ತಿ. ನರಸೀಪುರ ತಾಲ್ಲೂಕಿನದು.

ಮೈಸೂರು ಸಂಸ್ಥಾನದಲ್ಲಿ ಗಂಧದ ಮರ ಸರ್ಕಾರದ ಸ್ವತ್ತು. ನಮ್ಮ ಹುಣಸೂರು, ಹೆಗ್ಗಡದೇವನಕೋಟೆ ಕಡೆಯ ಕಾಡುಗಳಲ್ಲೂ ಅದು ಬೆಳೆಯುತ್ತಿತ್ತು. ಕೊರಡುಗಳು ಹಡಗು ಹತ್ತಿ ಯೂರೋಪಿಗೆ ಹೋಗುತ್ತಿದ್ದವು. ಎಣ್ಣೆ ತೆಗೆದು ಲಾಭ ಮಾಡುವವರು ಅಲ್ಲಿಯವರು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ವ್ಯಾಪಾರ ನಿಂತು, ಗಂಧ ಇಲ್ಲೇ ರಾಶಿ ಬಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು, ದಿವಾನ್ ವಿಶ್ವೇಶ್ವರಯ್ಯನವರು ಎಣ್ಣೆಯನ್ನು ಇಲ್ಲೇ ತೆಗೆಯಲು ನಿರ್ಧರಿಸಿದರು. 1916ರಲ್ಲಿ ಆ ಕೆಲಸ ಆರಂಭವಾಯಿತು. ಮೈಸೂರಿನಲ್ಲೂ ಕಾರ್ಖಾನೆ ಎದ್ದಿತು.

ಎಣ್ಣೆ ತೆಗೆಯುವುದು ಭೌತ ಬದಲಾವಣೆ. ಚೇಗನ್ನು ಪುಡಿ ಮಾಡಿ, ಅದರೊಳಗೆ ಹಬೆ ಹಾಯಿಸುತ್ತಾರೆ. ಹಬೆಯ ಜೊತೆ ಎಣ್ಣೆಯೂ ಆವಿಯಾಗಿ ಬರುತ್ತದೆ. ತಣಿಸಿದರೆ ನೀರಿನ ಮೇಲೆ ಎಣ್ಣೆ ತೇಲುತ್ತದೆ. ಮರದಲ್ಲಿದ್ದ ಎಣ್ಣೆಯೇ ಹೊರಗೆ ಬಂದಿದೆ, ಹೊಸದೇನೂ ಹುಟ್ಟಿಲ್ಲ.

ಆ ಎಣ್ಣೆಯಿಂದ ಸೋಪು ಮಾಡಬೇಕೆಂಬ ಆಸೆ ಅರಸರಿಗೆ ಬಂತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಪ್ರಯೋಗಗಳು ನಡೆದವು. ಅಲ್ಲಿ ರಸಾಯನ ವಿಜ್ಞಾನಿಯಾಗಿದ್ದ ಶಾಸ್ತ್ರಿಗಳನ್ನು ಸೋಪು, ಸುಗಂಧದ ವಿದ್ಯೆ ಕಲಿತು ಬರಲು ಇಂಗ್ಲೆಂಡಿಗೆ ಕಳಿಸಿದರು.

ಸೋಪು ಮಾಡುವುದು ರಾಸಾಯನಿಕ ಬದಲಾವಣೆ. ಕೊಬ್ಬು ಅಥವಾ ಖಾದ್ಯ ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿಸಿ ಕುದಿಸಿದರೆ ಸೋಪು, ಗ್ಲಿಸರಿನ್ ಎಂಬ ಎರಡು ಹೊಸ ವಸ್ತುಗಳಾಗುತ್ತವೆ. ಜಿಡ್ಡು ಅಂಟಿಸುತ್ತಿದ್ದ ಎಣ್ಣೆಯೇ ಜಿಡ್ಡು ತೆಗೆಯುವ ಸೋಪಾಗುತ್ತದೆ. ಅದನ್ನು ಮತ್ತೆ ಎಣ್ಣೆ ಮಾಡಿಕೊಳ್ಳುವುದು ಸುಲಭವಲ್ಲ. ಆದರೆ ಕುದಿಯುವ ಕ್ಷಾರಕ್ಕೇ ಗಂಧದೆಣ್ಣೆ ಸುರಿದರೆ ಪರಿಮಳ ಹಾರಿಹೋಗುತ್ತದೆ, ಕೆಡಲೂಬಹುದು. ಹಾಗಾಗಿ ಸ್ನಾನದ ಸೋಪಿನಲ್ಲಿ ಮೊದಲು ಸೋಪು ತಯಾರಾಗಬೇಕು, ಒಣಗಬೇಕು, ಆಮೇಲೆ ಪರಿಮಳ ಬೆರೆಸಿ ಅರೆಯಬೇಕು. ಬೆರೆಸುವುದು ಮತ್ತೆ ಭೌತ ಬದಲಾವಣೆಯೇ. ಕೊಬ್ಬು ಪೂರ್ತಿ ಬದಲಾಗಬೇಕು, ಗಂಧ ಸ್ವಲ್ಪವೂ ಬದಲಾಗಬಾರದು. ಇಲ್ಲಿರುವ ಕಷ್ಟ ಇದೇ. ಶುದ್ಧ ಪರಿಮಳವನ್ನು ಸೋಪಿಗೆ ಸೇರಿಸುವ ವಿಧಾನವನ್ನು ಶಾಸ್ತ್ರಿಗಳು ಹದಕ್ಕೆ ತಂದರು. 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸೋಪಿನ ಕಾರ್ಖಾನೆ ಆರಂಭವಾಯಿತು.

ಶಾಸ್ತ್ರಿಗಳು ಅಷ್ಟಕ್ಕೇ ನಿಲ್ಲಲಿಲ್ಲ. ಸೋಪುಗಳು ಇಟ್ಟಿಗೆಯಾಕಾರದಲ್ಲಿ ಬರುತ್ತಿದ್ದ ಕಾಲದಲ್ಲಿ ಮೈಸೂರ್ ಸ್ಯಾಂಡಲ್‌ಗೆ ಮೊಟ್ಟೆಯಾಕಾರ ಕೊಟ್ಟರು. ಒಡವೆ ಪೆಟ್ಟಿಗೆಯಂತಹ ಡಬ್ಬಿ ಮಾಡಿಸಿದರು. ಆನೆಯ ತಲೆ, ಸಿಂಹದ ಮೈ ಇರುವ ಶರಭವನ್ನು ಗುರುತಾಗಿ ಆರಿಸಿದರು. ಆ ಗುರುತು ಇಂದಿಗೂ ಇದೆ. 2006ರಲ್ಲಿ ಈ ಸೋಪಿಗೆ ಭೌಗೋಳಿಕ ಮಾನ್ಯತೆಯೂ ದೊರೆಯಿತು.

ನಮ್ಮ ಭಾಗದಲ್ಲಿ ಹೊಗೆಸೊಪ್ಪು ಬೇಯಿಸುವ ರೈತರಿಗೂ ಈ ಹದ ಗೊತ್ತು. ಬ್ಯಾರನ್‌ನಲ್ಲಿ ಎಲೆಯ ನೀರು ಆರುವುದು ಭೌತ ಬದಲಾವಣೆ. ಹಸಿರು ಹೋಗಿ ಹಳದಿ ಬರುವುದು, ಎಲೆಯ ಪಿಷ್ಟ ಸಕ್ಕರೆಯಾಗುವುದು ರಾಸಾಯನಿಕ ಬದಲಾವಣೆ. ಹಳದಿ ಬರುವ ಮೊದಲೇ ಎಲೆ ಒಣಗಿದರೆ ಹಸಿರಾಗಿಯೇ ಉಳಿದು ಬೆಲೆ ಬೀಳುತ್ತದೆ. ಯಾವುದು ಬದಲಾಗಬೇಕು, ಯಾವುದು ಬದಲಾಗಬಾರದು ಎಂದು ತಿಳಿದವರ ಕೈಯಲ್ಲಿ ಬೆಳೆಗೆ ಬೆಲೆ ಬರುತ್ತದೆ. ಕೊರಡು ಮಾರುತ್ತಿದ್ದ ನಾಡು ಸೋಪು ಮಾರುವಂತಾದದ್ದೂ ಹೀಗೆಯೇ. ಈಗ ನಮ್ಮ ಶಾಲೆಯಲ್ಲಿ ಇದೇ ಪಾಠ ಓದುತ್ತಿರುವ ಮಕ್ಕಳು ಇದನ್ನು ಅಂಕಕ್ಕೆ ಮಾತ್ರ ಕಲಿಯದಿರಲಿ ಎಂದು ಹಾರೈಸುತ್ತೇನೆ.