ಫ್ಯಾರಡೆಯ ಕೆಂಪು ಚಿನ್ನ ಮತ್ತು ಸಂಸತ್ತಿನ ಮೂಗು

ಮೈಕೆಲ್ ಫ್ಯಾರಡೆ ಅಂದ್ರೆ ನಮಗೆ ನೆನಪಾಗೋದು ಕರೆಂಟು, ಮೋಟಾರು, ಡೈನಮೊ. ನೀರಿನ ರಾಜಕೀಯ ಮಾತಾಡುವವರೂ ಅವರನ್ನು ನೆನೆಯಬೇಕು.

1791ರಲ್ಲಿ ಲಂಡನ್ ಅಂಚಿನ ಬಡ ಕಮ್ಮಾರನ ಮನೆಯಲ್ಲಿ ಹುಟ್ಟಿದ ಹುಡುಗ, 14ನೇ ವಯಸ್ಸಿಗೇ ಬುಕ್ ಬೈಂಡಿಂಗ್ ಕೆಲಸಕ್ಕೆ ಸೇರಿದ. ಬೈಂಡಿಂಗಿಗೆ ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನ ಕಲಿತ. ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಬರೆದುಕೊಂಡು, ತಾನೇ ಬೈಂಡ್ ಮಾಡಿ ಅವರಿಗೆ ಕಳಿಸಿದ. 1813ರಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನ ಕೆಲಸ ಸಿಕ್ತು.

1855ರ ಜುಲೈ. ಆಗ ಫ್ಯಾರಡೆ ಜಗತ್ಪ್ರಸಿದ್ಧರು. ಥೇಮ್ಸ್ ನದಿಯಲ್ಲಿ ಸ್ಟೀಮರಿನಲ್ಲಿ ಹೋಗುತ್ತಾ ಬಿಳಿ ಕಾರ್ಡಿನ ಚೂರುಗಳನ್ನು ಒದ್ದೆ ಮಾಡಿ ನೀರಿಗೆ ಹಾಕಿದರು. ಬಿಸಿಲಿದ್ದರೂ ಒಂದು ಇಂಚು ಮುಳುಗುವಷ್ಟರಲ್ಲಿ ಅವು ಕಾಣದಾದವು. ನದಿ ಚರಂಡಿಯಾಗಿದೆ ಅಂತ ಟೈಮ್ಸ್ ಪತ್ರಿಕೆಗೆ ಬರೆದರು. ಆದರೆ ನದಿಯ ಸ್ಥಿತಿ ಬದಲಾಗಲಿಲ್ಲ. 1858ರ ಬೇಸಿಗೆಯಲ್ಲಿ ಗಬ್ಬುನಾತ ಸಂಸತ್ತಿನ ಒಳಗೇ ನುಗ್ಗಿತು ನೋಡಿ, 18 ದಿನಗಳಲ್ಲಿ ಕಾನೂನು ಬಂತು!

ಈ ನಡುವೆ, 1857ರಲ್ಲಿ, ಫ್ಯಾರಡೆ ಚಿನ್ನದ ದ್ರಾವಣಕ್ಕೆ ರಂಜಕ ಬೆರೆಸಿ ಮಾಣಿಕ್ಯದಂಥ ಕೆಂಪು ದ್ರವ ಪಡೆದರು. ಅದರಲ್ಲಿದ್ದದ್ದು ಕಣ್ಣಿಗೆ ಕಾಣದಷ್ಟು ಸಣ್ಣ ಚಿನ್ನದ ಕಣಗಳು. ಉಪ್ಪು ಹಾಕಿದರೆ ಕೆಂಪು ಹೋಗಿ ನೀಲಿ. ಕಾರಣ ಇಷ್ಟೇ: ಕಣಗಳು ಬಿಡಿಬಿಡಿಯಾಗಿದ್ದರೆ ಕೆಂಪು, ಒತ್ತೊತ್ತಾಗಿ ಗುಂಪುಗೂಡಿದರೆ ನೀಲಿ.

ಇವತ್ತಿನ ನ್ಯಾನೊ ಪರೀಕ್ಷೆಗಳು ನಿಂತಿರೋದು ಇದೇ ಬಣ್ಣದಾಟದ ಮೇಲೆ. ಸೀಸವನ್ನೋ ಪಾದರಸವನ್ನೋ ಹಿಡಿಯುವ ಅಣುಗಳನ್ನು ಚಿನ್ನದ ಕಣಗಳಿಗೆ ಅಂಟಿಸಿರುತ್ತಾರೆ. ನೀರಿನಲ್ಲಿ ಆ ಲೋಹದ ಅಯಾನು ಇದ್ದರೆ ಕಣಗಳು ಒಂದಕ್ಕೊಂದು ಹತ್ತಿರವಾಗುತ್ತವೆ, ಬಣ್ಣ ಬದಲಾಗುತ್ತದೆ. ಕೆಲವೊಮ್ಮೆ ಬರೀ ಉಪ್ಪೇ ಮೋಸ ಮಾಡಬಹುದು. ಹಾಗಾಗಿ ಲ್ಯಾಬಿನಲ್ಲಿ ಖಚಿತಪಡಿಸಿಕೊಳ್ಳಲೇಬೇಕು.

ಯಾಕೆ ಇದು ಮುಖ್ಯ? ನೀರಲ್ಲಿ ಕರಗಿದ ಸೀಸಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಯಾವ ಸಂಸತ್ತಿನ ಮೂಗಿಗೂ ಬಡಿಯಲ್ಲ. ಕುಡಿಯುವ ಮಕ್ಕಳ ಮಿದುಳನ್ನು ಮಾತ್ರ ಸದ್ದಿಲ್ಲದೆ ಹಾಳು ಮಾಡುತ್ತದೆ. ಕಾಣದ ವಿಷಕ್ಕೆ ಬಣ್ಣ ಕೊಡೋದು ಅಂದ್ರೆ ಜನರ ಕೈಗೆ ಪ್ರಶ್ನೆ ಕೇಳುವ ಸಾಕ್ಷಿ ಕೊಡೋದು.

ಸರ್ ಪದವಿ ಬೇಡವೆಂದ ಫ್ಯಾರಡೆ 1867ರಲ್ಲಿ ತೀರಿಕೊಂಡರು. ಅವರು ಕಾರ್ಡಿನ ಚೂರು ಹಾಕಿದ್ದು ಎಲ್ಲರಿಗೂ ಕಾಣುವ ಕೊಳಕಿಗೆ. ಆದರೂ ಅಧಿಕಾರ ಅಲುಗಾಡಲು ಮೂರು ವರ್ಷ ಬೇಕಾಯ್ತು. ಟ್ಯೂಬಿನಲ್ಲಿ ಬಣ್ಣ ಬದಲಾದ ಮಾತ್ರಕ್ಕೆ ನೀರು ಶುದ್ಧವಾಗಲ್ಲ. ಆ ಟ್ಯೂಬು ಹಿಡಿದು ಕಚೇರಿ ಬಾಗಿಲು ತಟ್ಟುವವರೂ ಬೇಕು.