ಡಾ. ವಿಲಿಯಂ ರಾಕ್ಸ್‌ಬರ್ಗ್ (1751–1815)

ಭಾರತೀಯ ಸಸ್ಯಶಾಸ್ತ್ರದ ಪಿತಾಮಹರೆಂದು ಗೌರವಿಸಲ್ಪಡುವ ಡಾ. ವಿಲಿಯಂ ರಾಕ್ಸ್‌ಬರ್ಗ್ ಅವರು 1751ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದರು. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಹಾಗೂ ಸಸ್ಯಶಾಸ್ತ್ರವನ್ನು ಅಭ್ಯಸಿಸಿ, 1776ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯರಾಗಿ ಮದ್ರಾಸಿಗೆ ಆಗಮಿಸಿದರು. 1781ರಿಂದ ಗೋದಾವರಿ ಪ್ರದೇಶದ ಸಾಮರ್ಲಕೋಟದಲ್ಲಿ ನೆಲೆಸಿ ಸಸ್ಯಗಳ ಸಂಗ್ರಹವನ್ನು ಕೈಗೊಂಡರು.

1787ರಲ್ಲಿ ಕರಾವಳಿಗೆ ನುಗ್ಗಿದ ಪ್ರವಾಹದಲ್ಲಿ ಇವರ ಸಸ್ಯಸಂಗ್ರಹ ಹಾಗೂ ಗ್ರಂಥಗಳು ನಾಶವಾದವು. ಧೃತಿಗೆಡದೆ ಇವರು ಸಂಗ್ರಹ ಕಾರ್ಯವನ್ನು ಪುನಃ ಆರಂಭಿಸಿದರು. ಭಾರತೀಯ ಚಿತ್ರಕಾರರನ್ನು ನೇಮಿಸಿಕೊಂಡು, ಸಸ್ಯಗಳನ್ನೂ ಅವುಗಳ ಅಂಗಾಂಗಗಳನ್ನೂ ಚಿತ್ರಿಸುವ ವ್ಯವಸ್ಥೆ ಮಾಡಿದರು. ಹೀಗೆ ಸಿದ್ಧವಾದ ಚಿತ್ರಗಳ ಸಂಖ್ಯೆ 2,500ಕ್ಕೂ ಅಧಿಕ. ಆದರೆ ಆ ಚಿತ್ರಕಾರರಲ್ಲಿ ಬಹುತೇಕರ ಹೆಸರುಗಳು ದಾಖಲೆಗಳಲ್ಲಿ ಉಳಿದಿಲ್ಲ. ಆಯ್ದ 300 ಚಿತ್ರಗಳು ಕೋರಮಂಡಲ ತೀರದ ಸಸ್ಯಗಳನ್ನು ಕುರಿತ ಮೂರು ಸಂಪುಟಗಳಲ್ಲಿ 1795ರಿಂದ 1820ರ ಅವಧಿಯಲ್ಲಿ ಪ್ರಕಟಗೊಂಡವು.

1793ರಲ್ಲಿ ಇವರು ಕಲ್ಕತ್ತೆಯ ಸಸ್ಯೋದ್ಯಾನದ ಅಧೀಕ್ಷಕರಾಗಿ ನೇಮಕಗೊಂಡರು. ಮರಗಿಡಗಳಷ್ಟೇ ಗಮನವನ್ನು ಜನರು ಕಡೆಗಣಿಸುವ ಹುಲ್ಲು ಹಾಗೂ ಜೇಕುಗಳಿಗೂ ನೀಡಿದುದು ಇವರ ವೈಶಿಷ್ಟ್ಯ. ಬಂಗಾಳದಲ್ಲಿ ಚಾಪೆ ಹೆಣೆಯಲು ಬಳಸುವ ಜೇಕಿಗೆ ಸೈಪರಸ್ ಟೆಜೆಟಮ್ ಎಂದು ಹೆಸರಿಟ್ಟವರು ಇವರೇ.

ಅನಾರೋಗ್ಯದ ನಿಮಿತ್ತ 1813ರಲ್ಲಿ ಭಾರತವನ್ನು ತೊರೆದ ಇವರು 1815ರಲ್ಲಿ ಎಡಿನ್‌ಬರೋದಲ್ಲಿ ನಿಧನರಾದರು. ಇವರ ಮಹಾಗ್ರಂಥ ಫ್ಲೋರಾ ಇಂಡಿಕಾ ಅಚ್ಚಾದುದನ್ನು ಕಾಣುವ ಭಾಗ್ಯ ಇವರಿಗೆ ಲಭಿಸಲಿಲ್ಲ. 1817ರಲ್ಲಿ ಕನ್ನಡ ವ್ಯಾಕರಣವೊಂದನ್ನು ಪ್ರಕಟಿಸಿದ ವಿಲಿಯಂ ಕೇರಿ ಅವರೇ ಈ ಗ್ರಂಥವನ್ನು ಸೆರಾಂಪುರದಲ್ಲಿ ಮುದ್ರಿಸಿ, 1832ರಲ್ಲಿ ಪೂರ್ಣಗೊಳಿಸಿದರು.

ಸಾರ್ವಜನಿಕರ ಗಮನಕ್ಕೆ: ಅಂಗಾಂಗಗಳನ್ನು ಪರಿಶೀಲಿಸಿ ಸಸ್ಯವನ್ನು ಗುರುತಿಸುವ ಈ ಕ್ರಮ ಇಂದಿಗೂ ಉಪಯುಕ್ತವಾಗಿದೆ. ಹುಲ್ಲಿನ ಕಾಂಡವು ಸಾಮಾನ್ಯವಾಗಿ ದುಂಡಾಗಿದ್ದು ಗೆಣ್ಣುಗಳನ್ನು ಹೊಂದಿರುತ್ತದೆ; ಎಲೆಗಳು ಎರಡು ಸಾಲಿನಲ್ಲಿರುತ್ತವೆ. ಜೇಕಿನ ಕಾಂಡವು ಬಹುಮಟ್ಟಿಗೆ ಮೂರು ಮೂಲೆಯದಾಗಿದ್ದು ಒಳಗೆ ಗಟ್ಟಿಯಾಗಿರುತ್ತದೆ. ಎಲೆಗಳು ಮೂರು ಸಾಲಿನಲ್ಲಿರುತ್ತವೆ. ಹೊಲಗಳಲ್ಲಿ ಕಾಡುವ ಕೊನ್ನಾರಿ ಹುಲ್ಲಿನಂತೆ ಕಂಡರೂ ಜೇಕಿನ ಜಾತಿಗೆ ಸೇರಿದ್ದು, ಮೇಲ್ಭಾಗವನ್ನು ಕಿತ್ತರೂ ನೆಲದೊಳಗಿನ ಗೆಡ್ಡೆಗಳಿಂದ ಮತ್ತೆ ಚಿಗುರುತ್ತದೆ. ಆದುದರಿಂದ ಗುರುತಿಸುವಿಕೆಗಾಗಿ ಸಸ್ಯದ ಮಾದರಿಯನ್ನು ಸಲ್ಲಿಸುವವರು ಬೇರು ಅಥವಾ ಗೆಡ್ಡೆ, ಕಾಂಡದ ಬುಡ, ಎಲೆ ಹಾಗೂ ಹೂಗೊಂಚಲುಗಳನ್ನು ಒಳಗೊಂಡ ಪೂರ್ಣ ಸಸ್ಯವನ್ನು, ಸಂಗ್ರಹಿಸಿದ ಸ್ಥಳ ಹಾಗೂ ದಿನಾಂಕದೊಂದಿಗೆ ಒದಗಿಸುವುದು ಸೂಕ್ತ.