ಗೋಡೆಯನ್ನೇ ಪಾಠವಾಗಿಸಿದ ಡಾ. ಬಾರ್ನ್ಸ್

ರಸಾಯನಶಾಸ್ತ್ರ ನನ್ನ ಬೋಧನಾ ವಿಷಯ. ವಿಜ್ಞಾನದಿಂದ ಶಿಕ್ಷಣದ ಕಡೆಗೆ ಬಂದವರ ಜೀವನವನ್ನು ಹುಡುಕಿ ಓದುವುದು ನನಗಿಷ್ಟ. ಅವರಲ್ಲಿ ನನ್ನನ್ನು ಹೆಚ್ಚು ಕಾಡಿದವರು ಅಮೆರಿಕದ ಡಾ. ಆಲ್ಬರ್ಟ್ ಬಾರ್ನ್ಸ್.

1872ರಲ್ಲಿ ಫಿಲಡೆಲ್ಫಿಯಾದ ಬಡ ಕುಟುಂಬವೊಂದರಲ್ಲಿ ಹುಟ್ಟಿದ ಬಾರ್ನ್ಸ್, 20ನೇ ವಯಸ್ಸಿಗೇ ವೈದ್ಯಪದವಿ ಪಡೆದರು. ಆದರೆ ವೈದ್ಯರಾಗಿ ನೆಲೆ ನಿಲ್ಲದೆ ರಸಾಯನಶಾಸ್ತ್ರದತ್ತ ಹೊರಳಿದರು. ಜರ್ಮನಿಯ ಹರ್ಮನ್ ಹಿಲ್ಲೆ ಅವರೊಡನೆ ಸೇರಿ ಬೆಳ್ಳಿಯ ಸಂಯುಕ್ತವಾದ ಆರ್ಜಿರಾಲ್ ಎಂಬ ಔಷಧವನ್ನು ತಯಾರಿಸಿದರು. ನವಜಾತ ಶಿಶುಗಳ ಕಣ್ಣಿಗೆ ಸೋಂಕು ತಗಲದಂತೆ ತಡೆಯುತ್ತಿದ್ದ ಈ ಔಷಧ ಅವರನ್ನು ಶ್ರೀಮಂತರನ್ನಾಗಿಸಿತು.

ಅವರ ಮೊದಲ ತರಗತಿ ನಡೆದದ್ದು ಕಾರ್ಖಾನೆಯಲ್ಲೇ. ಕಪ್ಪು ಮತ್ತು ಬಿಳಿಯ ಕಾರ್ಮಿಕರು ಕೆಲಸದ ವೇಳೆಯಲ್ಲೇ ಒಟ್ಟಿಗೆ ಕುಳಿತು ತತ್ತ್ವಶಾಸ್ತ್ರ ಓದುತ್ತಿದ್ದರು, ಗೋಡೆಯ ಮೇಲಿನ ಚಿತ್ರಗಳನ್ನು ಚರ್ಚಿಸುತ್ತಿದ್ದರು. 1922ರಲ್ಲಿ ಬಾರ್ನ್ಸ್ ಪ್ರತಿಷ್ಠಾನ ಸ್ಥಾಪನೆಯಾದದ್ದೂ ಶಿಕ್ಷಣ ಸಂಸ್ಥೆಯಾಗಿಯೇ. ನಾವು ಶಿಕ್ಷಣದ ತಾತ್ವಿಕ ನೆಲೆಗಳಲ್ಲಿ ಓದುವ ಜಾನ್ ಡ್ಯೂಯಿ ಅದರ ಮೊದಲ ಶಿಕ್ಷಣ ನಿರ್ದೇಶಕರು. ಕಲೆಯನ್ನು ಅನುಭವವೆಂದು ವಿವರಿಸುವ ತಮ್ಮ 1934ರ ಗ್ರಂಥವನ್ನು ಡ್ಯೂಯಿ ಬಾರ್ನ್ಸ್ ಅವರಿಗೇ ಅರ್ಪಿಸಿದರು.

ಫಿಲಡೆಲ್ಫಿಯಾದ ಹೊರವಲಯದ ಮೆರಿಯಾನ್‌ನಲ್ಲಿ ಕಟ್ಟಿದ ಕಲಾಶಾಲೆಯಲ್ಲಿ ರೆನ್ವಾರ್‌ನ 181, ಸೆಜಾನ್‌ನ 69, ಮಾತೀಸ್‌ನ 59 ಕೃತಿಗಳು ಸೇರಿದವು. ಬಾರ್ನ್ಸ್ ಅವನ್ನು ಕಾಲಾನುಕ್ರಮದಲ್ಲಿ ತೂಗುಹಾಕಲಿಲ್ಲ. ಬೆಳಕು, ರೇಖೆ, ಬಣ್ಣ, ಅವಕಾಶ ಇವುಗಳ ಹೋಲಿಕೆ ಕಾಣುವಂತೆ ಜೋಡಿಸಿದರು. ಚಿತ್ರಗಳ ನಡುವೆ ಕಬ್ಬಿಣದ ಬಾಗಿಲು ತಿರುಗಣೆ, ಬೀಗಗಳನ್ನೂ ಇಟ್ಟರು. ಮೊದಲು ಕಣ್ಣಿಟ್ಟು ನೋಡಬೇಕು, ಹೋಲಿಸಬೇಕು, ಆಮೇಲೆ ತೀರ್ಮಾನಕ್ಕೆ ಬರಬೇಕು. ಪ್ರಯೋಗಾಲಯದಲ್ಲಿ ನಾವು ಮಕ್ಕಳಿಗೆ ಕಲಿಸುವ ಕ್ರಮವೂ ಇದೇ.

ಅವರ ಸ್ವಭಾವ ಮಾತ್ರ ಕಠಿಣ. ಕೂಲಿಕಾರರಿಗೆ ತೆರೆದ ಬಾಗಿಲು ಎಷ್ಟೋ ಹೆಸರಾಂತ ವಿದ್ವಾಂಸರಿಗೆ ಮುಚ್ಚಿತ್ತು. ತಮ್ಮ ನಂತರವೂ ಯಾವ ಚಿತ್ರವನ್ನೂ ಮಾರಬಾರದು, ಎರವಲು ಕೊಡಬಾರದು, ಇದ್ದ ಜಾಗದಿಂದ ಕದಲಿಸಬಾರದು ಎಂದು ದಾಸ್ತಾವೇಜಿನಲ್ಲಿ ಬರೆಸಿಟ್ಟರು. 1951ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು.

ಕಾಲ ಕಳೆದಂತೆ ಪ್ರತಿಷ್ಠಾನಕ್ಕೆ ಹಣದ ಮುಗ್ಗಟ್ಟು ಬಂತು. 2004ರಲ್ಲಿ ನ್ಯಾಯಾಲಯ ಸ್ಥಳಾಂತರಕ್ಕೆ ಅನುಮತಿ ಕೊಟ್ಟಿತು. ಹಳೆಯ ವಿದ್ಯಾರ್ಥಿಗಳು, ನೆರೆಹೊರೆಯವರು ವಿರೋಧಿಸಿದರೂ 2012ರಲ್ಲಿ ಸಂಗ್ರಹ ನಗರದ ನಡುವಿನ ಹೊಸ ಕಟ್ಟಡದಲ್ಲಿ ತೆರೆಯಿತು. ಹಳೆಯ ಗೋಡೆಗಳ ಜೋಡಣೆಯನ್ನು ಅಲ್ಲಿ ಹಾಗೆಯೇ ಉಳಿಸಿಕೊಂಡಿದ್ದಾರೆ.

ಈ ಜೀವನವನ್ನು ಸಹಪಾಠಿಗಳ ಮುಂದಿಟ್ಟಾಗ ಅಭಿಪ್ರಾಯ ಎರಡಾಯಿತು. ಹೆಚ್ಚು ಜನ ನೋಡುವಂತಾಯಿತಲ್ಲ ಎಂದರು ಕೆಲವರು. ನನಗೂ ಅದು ಸಣ್ಣ ಮಾತೆನಿಸುವುದಿಲ್ಲ. ಆದರೂ ನನ್ನ ಮನಸ್ಸು ಬಾರ್ನ್ಸ್ ಪರ ವಾಲುತ್ತದೆ. ಅವರು ಬಿಟ್ಟುಹೋದದ್ದು ಒಂದು ಶಾಲೆ. ಜನ ಉಳಿಸಿಕೊಳ್ಳಲು ಹೊರಟದ್ದು ಒಂದು ಪ್ರದರ್ಶನಾಲಯ. ಚಿತ್ರಗಳ ಸಾಲು ಕೆಡಲಿಲ್ಲ, ನಿಜ. ಆದರೆ ನೋಡಲು ಬರುವವರ ಸಂಖ್ಯೆ ಮತ್ತು ನೋಡಿ ಕಲಿಯುವವರ ಸಂಖ್ಯೆ ಬೇರೆಬೇರೆ. ನಮ್ಮ ಕಲಿಕೋಪಕರಣಗಳ ಪ್ರದರ್ಶನದಲ್ಲೂ ಈ ಎರಡನ್ನು ಪ್ರತ್ಯೇಕವಾಗಿ ಎಣಿಸುವುದು ಒಳ್ಳೆಯದು.